ಸರ್ಪಸುತ್ತು ಆದವರ ಹೊಟ್ಟೆ ಉಬ್ಬಿದರೆ ಗ್ಯಾಸ್ ಅಂತ ಸುಮ್ಮನಿರಬೇಡಿ

ಸರ್ಪಸುತ್ತು ಆದವರ ಮನೆಯಲ್ಲಿ ಎಲ್ಲರ ಗಮನವೂ ಚರ್ಮದ ಮೇಲೆಯೇ ಇರುತ್ತದೆ. ಗುಳ್ಳೆ ಎಲ್ಲಿವರೆಗೆ ಬಂತು, ತಲೆ-ಬಾಲ ಕೂಡಿಬಿಡುತ್ತಾ, ಕೆಮ್ಮಣ್ಣು ಇನ್ನೊಂದು ಸಲ ಹಚ್ಚಬೇಕಾ ಅಂತ ಚಿಂತೆ. ದಾವಣಗೆರೆಯಲ್ಲಿ ಸರ್ಜನ್ ಆಗಿರುವ ನನ್ನ ಹತ್ತಿರ ಇಂಥವರು ಬರುವುದು ಅಪರೂಪ. ಬಂದಾಗ ಮಾತ್ರ ವಿಷಯ ಗಂಭೀರವಾಗಿರುತ್ತದೆ. ಹೊಟ್ಟೆ ಉಬ್ಬಿ ಬಿಗಿದಿರುತ್ತದೆ. ಮಲವೂ ಇಲ್ಲ, ಗಾಳಿಯೂ ಹೋಗಿರುವುದಿಲ್ಲ.

ತಲೆ-ಬಾಲದ ಭಯ ಬಿಟ್ಟುಬಿಡಿ. ಚಿಕ್ಕಂದಿನಲ್ಲಿ 'ಅಮ್ಮ' ಆಗಿತ್ತಲ್ಲ, ಆ ಚಿಕನ್‌ಪಾಕ್ಸ್ ವೈರಸ್ಸೇ ಇದು. ಬೆನ್ನುಮೂಳೆ ಪಕ್ಕದ ನರದ ಬೇರಿನಲ್ಲಿ ವರ್ಷಗಟ್ಟಲೆ ಅಡಗಿರುತ್ತದೆ. ವಯಸ್ಸಾದಾಗ, ಸಕ್ಕರೆ ಕಾಯಿಲೆ ಇದ್ದಾಗ, ಸ್ಟಿರಾಯ್ಡ್ ಅಥವಾ ಕ್ಯಾನ್ಸರ್ ಔಷಧಿ ತಗೊಳ್ಳುವಾಗ ಮತ್ತೆ ಏಳುತ್ತದೆ. ಒಂದು ನರದ ದಾರಿ ಹಿಡಿದು ಬರುವುದರಿಂದ ಗುಳ್ಳೆ ಸಾಮಾನ್ಯವಾಗಿ ಮೈಯ ಒಂದೇ ಬದಿಗೆ ನಿಲ್ಲುತ್ತದೆ.

ಆದರೆ ಎದೆಯ ಕೆಳಭಾಗ, ಹೊಟ್ಟೆ, ಸೊಂಟದ ನರಗಳಿಗೆ ವೈರಸ್ ಬಂದಾಗ ಕೆಲವರಲ್ಲಿ ಕರುಳನ್ನು ನಡೆಸುವ ನರಗಳಿಗೂ ಪೆಟ್ಟು ಬೀಳುತ್ತದೆ. ಆಗ ದೊಡ್ಡ ಕರುಳು ಹಿಂಡುವುದನ್ನೇ ನಿಲ್ಲಿಸುತ್ತದೆ. ಗಂಟಿಲ್ಲ, ತಿರುಚಿಲ್ಲ, ದಾರಿ ತೆರೆದೇ ಇದೆ. ಆದರೂ ಏನೂ ಮುಂದೆ ಹೋಗುವುದಿಲ್ಲ. ಅಡ್ಡಿಯೇ ಇಲ್ಲದೆ ಕರುಳು ಹೀಗೆ ಕಟ್ಟುವುದನ್ನು ಬ್ರಿಟಿಷ್ ಸರ್ಜನ್ ಓಗಿಲ್ವಿ 1948ರಲ್ಲಿ ವಿವರಿಸಿದರು. ನಾವು ಇವತ್ತಿಗೂ ಅವರ ಹೆಸರಿನಿಂದಲೇ ಕರೆಯುತ್ತೇವೆ. ದೊಡ್ಡ ಆಪರೇಷನ್, ಸೊಂಟದ ಮೂಳೆ ಮುರಿತ, ಪೊಟ್ಯಾಸಿಯಂ ಇಳಿಯುವುದು ಇದಕ್ಕೆ ಹೆಚ್ಚು ಸಾಮಾನ್ಯ ಕಾರಣ. ಸರ್ಪಸುತ್ತು ಅಪರೂಪದ ಕಾರಣ, ಅದಕ್ಕೇ ಯಾರಿಗೂ ಹೊಳೆಯುವುದಿಲ್ಲ.

ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಬಂದಿದ್ದರು. ಅರವತ್ತು ದಾಟಿದ ವಯಸ್ಸು, ಸಕ್ಕರೆ ಕಾಯಿಲೆ. ಜೊತೆಗಿದ್ದ ಸೊಸೆ, "ಮಾವಾರು ಊಟಾನೇ ಬಿಟ್ಟಿದಾರೆ ಡಾಕ್ಟ್ರೇ. ಗ್ಯಾಸ್ ಅಂತ ಸೋಡಾ ಕುಡಿಸಿದ್ವಿ, ಭೇದಿ ಮಾತ್ರೆನೂ ಕೊಟ್ವಿ, ಹೊಟ್ಟೆ ಇಳೀಲೇ ಇಲ್ಲ" ಅಂದರು. ಅಂಗಿ ಎತ್ತಿ ನೋಡಿದರೆ ಎಡ ಪಕ್ಕೆಯಲ್ಲಿ ಒಣಗುತ್ತಿದ್ದ ಗುಳ್ಳೆಗಳ ಸಾಲು. ಉರಿ ತಡೆಯಲು ಟ್ರಮಡಾಲ್ ನುಂಗುತ್ತಿದ್ದರು. ಆ ಮಾತ್ರೆ ಕರುಳನ್ನು ಇನ್ನಷ್ಟು ಮಂಕು ಮಾಡುತ್ತದೆ.

ಎಕ್ಸ್‌ರೇಯಲ್ಲಿ ದೊಡ್ಡ ಕರುಳಿನ ತುಂಬ ಗಾಳಿ. ನಾವು ಅಳೆಯುವುದು ಬಲಗಡೆ, ಅಪೆಂಡಿಕ್ಸ್ ಅಂಟಿಕೊಂಡಿರುವ ಜಾಗವನ್ನು. ಅಲ್ಲಿ ಕರುಳು ಅಗಲ, ಗೋಡೆ ತೆಳು. ಸೈಕಲ್ ಟ್ಯೂಬಿನ ಉಬ್ಬಿದ ಜಾಗದ ಹಾಗೆ, ಹಿಗ್ಗಿದಷ್ಟೂ ಅಲ್ಲೇ ಗೋಡೆಗೆ ಎಳೆತ ಜಾಸ್ತಿ. 12 ಸೆಂಟಿಮೀಟರ್ ದಾಟಿದರೆ, ಇಲ್ಲವೇ ಐದಾರು ದಿನ ಹಾಗೇ ಬಿಟ್ಟರೆ, ತೂತಾಗುವ ಅಪಾಯ ಏರುತ್ತದೆ. ತೂತಾದರೆ ಹೊಟ್ಟೆಯೊಳಗೆಲ್ಲ ಮಲ ಚೆಲ್ಲುತ್ತದೆ. ಆ ವಯಸ್ಸಿನಲ್ಲಿ ಅದರಿಂದ ಬದುಕುಳಿಯುವುದು ಕಷ್ಟ.

ಸಿಟಿ ಸ್ಕ್ಯಾನ್ ಮಾಡಿ ಅಡ್ಡಿ ಇಲ್ಲ ಅಂತ ಖಾತ್ರಿ ಮಾಡಿಕೊಂಡೆವು. ಇದನ್ನು ಬಿಡುವ ಹಾಗಿಲ್ಲ, ವಯಸ್ಸಾದವರಲ್ಲಿ ಕ್ಯಾನ್ಸರ್ ಗಡ್ಡೆಯೂ ಹೀಗೇ ಕರುಳು ಕಟ್ಟಿಸುತ್ತದೆ. ಟ್ರಮಡಾಲ್ ನಿಲ್ಲಿಸಿ, ಬಾಯಿಗೆ ಏನೂ ಕೊಡದೆ, ಮೂಗಿನಿಂದ ನಳಿಕೆ ಹಾಕಿ, ಪೊಟ್ಯಾಸಿಯಂ ಸರಿ ಮಾಡಿದೆವು. ತುಂಬ ಜನರಿಗೆ ಇಷ್ಟರಲ್ಲೇ ಇಳಿಯುತ್ತದೆ. ಇವರಿಗೆ ಇಳಿಯಲಿಲ್ಲ. ಮಾರನೇ ದಿನ ಕರುಳು ಹಿಂಡುವಂತೆ ಮಾಡುವ ನಿಯೋಸ್ಟಿಗ್ಮಿನ್ 2 ಮಿಲಿಗ್ರಾಂ ನಿಧಾನವಾಗಿ ರಕ್ತನಾಳಕ್ಕೆ ಕೊಟ್ಟೆವು. ಇದು ನಾಡಿಯನ್ನು ಜೋರಾಗಿ ಇಳಿಸಬಹುದು. ಹಾಗಾಗಿ ಮಾನಿಟರ್ ಹಾಕಿ, ನಾಡಿ ಏರಿಸುವ ಅಟ್ರೋಪಿನ್ ಸಿರಿಂಜಿನಲ್ಲಿ ತುಂಬಿಟ್ಟುಕೊಂಡೇ ಕೊಡಬೇಕು. ಸ್ವಲ್ಪ ಹೊತ್ತಿಗೆ ಹೊಟ್ಟೆ ಗುಡುಗುಟ್ಟಿತು, ಗಾಳಿ ಹೋಯಿತು, ಕಲ್ಲಿನಂತಿದ್ದ ಹೊಟ್ಟೆ ಕೈಗೆ ಮೆತ್ತಗೆ ಸಿಕ್ಕಿತು. ಕತ್ತಿ ಹಿಡಿಯದೆ ಒಬ್ಬರು ಹುಷಾರಾಗುವುದು ಸರ್ಜನ್‌ಗೆ ಎಷ್ಟು ಖುಷಿ ಕೊಡುತ್ತದೆ ಅಂತ ಹೇಳಲಾರೆ. 1999ರ ಒಂದು ಅಧ್ಯಯನದಲ್ಲಿ ಈ ಇಂಜೆಕ್ಷನ್ ಪಡೆದ 11 ಜನರಲ್ಲಿ 10 ಮಂದಿಗೆ ಬೇಗನೇ ಗುಣ ಕಂಡಿತ್ತು. ಇಳಿಯದಿದ್ದರೆ ಕೊಲೊನೊಸ್ಕೋಪಿಯಿಂದ ಗಾಳಿ ತೆಗೆಯಬಹುದು. ತೂತಾದರೆ, ಕರುಳು ಕಪ್ಪಾದರೆ ಆಪರೇಷನ್ನೇ ಗತಿ.

ಹಾಗಾಗಿ ಸರ್ಪಸುತ್ತು ಆದ ಹಿರಿಯರನ್ನು ದಿನಾ ಕೇಳಿ: ಹೊರಕಡೆಗೆ ಹೋಯ್ತಾ, ಗಾಳಿ ಹೋಯ್ತಾ, ಮೂತ್ರ ಸಲೀಸಾಗಿ ಆಗುತ್ತಾ? ನಾಚಿಕೆಯಿಂದ ಅವರಾಗೇ ಹೇಳುವುದಿಲ್ಲ. ಹೊಟ್ಟೆ ಉಬ್ಬಿ ಗಾಳಿಯೂ ನಿಂತರೆ ಭೇದಿ ಮಾತ್ರೆ, ಎನಿಮಾ ಅಂತ ಮನೆಯಲ್ಲೇ ಪ್ರಯತ್ನ ಮಾಡಬೇಡಿ. ಮಲಬದ್ಧತೆಗೆ ಕುಡಿಯುವ ಲ್ಯಾಕ್ಟುಲೋಸ್ ಸಿರಪ್ಪಂತೂ ಒಳಗೆ ಹುಳಿತು ಗಾಳಿಯನ್ನು ಹೆಚ್ಚಿಸುತ್ತದೆ. ಅವತ್ತೇ ಎಕ್ಸ್‌ರೇ ಇರುವ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಜ್ವರ, ಜೋರು ನೋವು ಸೇರಿಕೊಂಡರೆ ಬೆಳಗಾಗಲಿ ಅಂತ ಕಾಯಬೇಡಿ.

ಗುಳ್ಳೆ ಕಂಡ 72 ಗಂಟೆಯೊಳಗೆ ವೈರಸ್ ತಡೆಯುವ ಏಸಿಕ್ಲೋವಿರ್‌ನಂಥ ಮಾತ್ರೆ ಶುರುವಾದರೆ ಹೆಚ್ಚು ಉಪಯೋಗ. ಕಿಡ್ನಿ ನೋಡಿ ಪ್ರಮಾಣ ಬದಲಾಗುತ್ತದೆ, ಅಂಗಡಿಯಲ್ಲಿ ಕೇಳಿ ತಗೊಳ್ಳಬೇಡಿ. ಐವತ್ತು ದಾಟಿದವರಿಗೆ ಎರಡು ಡೋಸಿನ ಲಸಿಕೆ 2023ರಿಂದ ನಮ್ಮಲ್ಲೂ ಸಿಗುತ್ತಿದೆ. ದುಬಾರಿ, ನಿಜ. ಆದರೂ ಒಮ್ಮೆ ನಿಮ್ಮ ಡಾಕ್ಟರ್ ಹತ್ತಿರ ಮಾತಾಡಿ.

ಹೊಟ್ಟೆ ತೋರಿಸಲು ಹೋದಾಗ ಈಚೆಗೆ ಸರ್ಪಸುತ್ತು ಆಗಿತ್ತು ಅಂತ ಮರೆಯದೆ ಹೇಳಿ. ಗುಳ್ಳೆ ಒಣಗಿ ಬರೀ ಕಲೆ ಉಳಿದಿದ್ದರೂ ತೋರಿಸಿ.