ನಾಯಿಯ ವಸಡಿನಲ್ಲಿ ಹೆಸರಿಲ್ಲದ ಜೀವಿಗಳು

ಜಗಲಿಯಲ್ಲಿ ಮಲಗಿರುವ ನಿಮ್ಮ ತೋಟದ ನಾಯಿಯ ಮೇಲ್ದುಟಿಯನ್ನು ಮೆಲ್ಲಗೆ ಎತ್ತಿ ನೋಡಿ. ಸ್ವಲ್ಪ ವಯಸ್ಸಾದ ನಾಯಿಯಾದರೆ ಪಕ್ಕದ ದೊಡ್ಡ ಹಲ್ಲಿನ ಬುಡದಲ್ಲಿ ಹಳದಿ-ಕಂದು ಬಣ್ಣದ ಗಾರೆ ಗಟ್ಟಿಯಾಗಿ ಕೂತಿರುತ್ತದೆ. ಅದರ ಪಕ್ಕದ ವಸಡು ಕೆಂಪಾಗಿ ಊದಿಕೊಂಡಿರುತ್ತದೆ. ವಸಡಿಗೂ ಹಲ್ಲಿಗೂ ನಡುವೆ ಒಂದು ಸಣ್ಣ ಸಂದು ಇದೆ. ಗಾಳಿ ಸರಿಯಾಗಿ ಹೋಗದ ಆ ಜಾಗದಲ್ಲಿ ಬ್ಯಾಕ್ಟೀರಿಯಾಗಳು ಕಿಕ್ಕಿರಿದು ಬದುಕುತ್ತವೆ. ಅವುಗಳಲ್ಲಿ ಎಷ್ಟಕ್ಕೆ ಹೆಸರಿದೆ?

2012ರಲ್ಲಿ ಅಮೆರಿಕದ ಫಾರ್ಸಿತ್ ಸಂಸ್ಥೆಯ ವಿಜ್ಞಾನಿಗಳು ಮತ್ತು ಅವರ ಜೊತೆಗಾರರು ನಾಯಿಗಳ ಬಾಯಿಯ ಬ್ಯಾಕ್ಟೀರಿಯಾಗಳನ್ನು ಒಂದೊಂದಾಗಿ ವಿಂಗಡಿಸಿ ಪಟ್ಟಿ ಮಾಡಿದರು. ಒಟ್ಟು 353 ಬಗೆ ಸಿಕ್ಕವು. ಅವುಗಳಲ್ಲಿ ನೂರಕ್ಕೆ 80ರಷ್ಟಕ್ಕೆ ಹೆಸರೇ ಇರಲಿಲ್ಲ! ಇನ್ನೊಂದು ಸಂಗತಿ ನನಗೆ ಇದಕ್ಕಿಂತ ಹೆಚ್ಚು ಬೆರಗು ಹುಟ್ಟಿಸಿತು. ಮನುಷ್ಯರ ಬಾಯಲ್ಲೂ ನಾಯಿಯ ಬಾಯಲ್ಲೂ ಇರುವ ಬಗೆಗಳು ನೂರಕ್ಕೆ 16.4 ಮಾತ್ರ. ಸಾವಿರಾರು ವರ್ಷಗಳಿಂದ ನಾವು ಉಂಡು ಬಿಟ್ಟದ್ದನ್ನೇ ತಿಂದು, ನಮ್ಮ ಕೈ, ಮುಖ ನೆಕ್ಕಿಕೊಂಡು ಬೆಳೆದ ಪ್ರಾಣಿ ಅದು. ಆದರೂ ಅದರ ಬಾಯಿಯೊಳಗಿನ ಲೋಕವೇ ಬೇರೆ. ನಾಯಿಯ ಜೊಲ್ಲು ನಮ್ಮದಕ್ಕಿಂತ ಕ್ಷಾರ. ನಮ್ಮ ಹಲ್ಲು ತಿನ್ನುವ ಹುಳಿಪ್ರಿಯ ಬ್ಯಾಕ್ಟೀರಿಯಾಗಳಿಗೆ ಅಲ್ಲಿ ಅಷ್ಟು ಅನುಕೂಲವಿಲ್ಲ. ನಾಯಿಗಳಿಗೆ ಹುಳುಕು ಹಲ್ಲು ಅಪರೂಪ. ಗಾರೆ ಕಟ್ಟುವುದು, ವಸಡು ಕೊಳೆಯುವುದು ಮಾತ್ರ ಜಾಸ್ತಿ.

ಹೊಸ ಬ್ಯಾಕ್ಟೀರಿಯಾ ಹಿಡಿಯುವ ಕೆಲಸ ಒಂದು ಕಾಗದದ ಕಡ್ಡಿಯಿಂದ ಶುರುವಾಗುತ್ತದೆ. ದಂತವೈದ್ಯರು ಬಳಸುವ ಸೂಜಿಯಷ್ಟು ಸಪೂರ ಕಡ್ಡಿ ಅದು. ಅದನ್ನು ವಸಡಿನ ಸಂದಿನೊಳಗೆ ಸ್ವಲ್ಪ ಹೊತ್ತು ಇಟ್ಟರೆ ಒಳಗಿನ ದ್ರವ ಹೀರಿಕೊಳ್ಳುತ್ತದೆ. ಆಮೇಲೆ ತಡ ಮಾಡುವಂತಿಲ್ಲ. ಅಲ್ಲಿನ ಎಷ್ಟೋ ಜೀವಿಗಳಿಗೆ ಆಮ್ಲಜನಕವೇ ವಿಷ. ವಿರಾಜಪೇಟೆಯಲ್ಲಿ ತೆಗೆದ ಮಾದರಿಯನ್ನು ಸುಮ್ನೆ ಒಂದು ಬಾಟಲಿಗೆ ಹಾಕಿ ಬೆಂಗಳೂರಿನ ಬಸ್ಸಿಗೆ ಕೊಟ್ಟರೆ, ಪ್ರಯೋಗಾಲಯ ತಲುಪುವಷ್ಟರಲ್ಲಿ ಅವುಗಳಲ್ಲಿ ಹಲವು ಸತ್ತಿರುತ್ತವೆ. ಹಾಗಾಗಿ ಆಮ್ಲಜನಕ ತೆಗೆದ ದ್ರವದಲ್ಲಿ ಮುಳುಗಿಸಿ, ಬಿಗಿಯಾಗಿ ಮುಚ್ಚಿ ಸಾಗಿಸಬೇಕು.

ಪ್ರಯೋಗಾಲಯದಲ್ಲಿ ಕುರಿಯ ರಕ್ತ ಬೆರೆಸಿದ ಅಗಾರ್ ಎಂಬ ಲೋಳೆಗಟ್ಟಿದ ಆಹಾರದ ತಟ್ಟೆಯ ಮೇಲೆ ಅದನ್ನು ಹರಡಿ, ಗಾಳಿಯಾಡದ ಡಬ್ಬಿಯಲ್ಲಿಟ್ಟು, ಬೆಚ್ಚಗಿನ ಪೆಟ್ಟಿಗೆಯಲ್ಲಿ ದಿನಗಟ್ಟಲೆ ಕಾಯಬೇಕು. ಸಾಸಿವೆಗಿಂತ ಸಣ್ಣ ಚುಕ್ಕೆಗಳು ಮೂಡುತ್ತವೆ. ಕೆಲವು ಚುಕ್ಕೆಗಳು ಮೊದಲು ಬಿಳಿಚಿಕೊಂಡಿದ್ದು, ಬರಬರುತ್ತಾ ಕಂದಾಗಿ ಕೊನೆಗೆ ಕಪ್ಪಾಗುತ್ತವೆ. ಪೋರ್ಫಿರೋಮೋನಾಸ್ ಕುಲದ ಹೆಚ್ಚಿನವು ಹೀಗೆ. ರಕ್ತದ ಕಬ್ಬಿಣಾಂಶವಿರುವ ಹೀಮ್ ಅನ್ನು ಮೈಮೇಲೆ ಶೇಖರಿಸಿಕೊಳ್ಳುವುದರಿಂದ ಆ ಕಪ್ಪು ಬಣ್ಣ. ಒಂದೊಂದು ಚುಕ್ಕೆಯನ್ನೂ ಎತ್ತಿ ಹೊಸ ತಟ್ಟೆಗೆ ಎಳೆದು, ಮತ್ತೆ ಅದರಿಂದ ಇನ್ನೊಂದಕ್ಕೆ ಎಳೆದು, ಒಂದೇ ಬಗೆಯ ಜೀವಿ ಉಳಿಯುವ ತನಕ ಬಿಡದೆ ಮಾಡಬೇಕು.

ಸೂಕ್ಷ್ಮದರ್ಶಕದಲ್ಲಿ ಹೆಚ್ಚಿನವು ಬರೀ ಕಡ್ಡಿ, ಬರೀ ಗುಂಡು. ಆಕಾರ ನೋಡಿ ಯಾರು ಯಾರೆಂದು ಹೇಳಲಾಗದು. ಆದರೆ ನಾಯಿಯ ಬಾಯಲ್ಲೇ ಕಾಂಕಿಫಾರ್ಮಿಬಿಯಸ್ ಸ್ಟೀಡೇ ಎಂಬ ಒಂದು ಚೆಲುವ ಇದ್ದಾನೆ. ಇದರ ಕೋಶಗಳು ಒಡೆದು ಎರಡಾದ ಮೇಲೂ ಬೇರೆ ಹೋಗುವುದಿಲ್ಲ. ಪಕ್ಕಕ್ಕೆ ಪಕ್ಕ ಅಂಟಿಕೊಂಡು ಉದ್ದನೆಯ ಚಪ್ಪಟೆ ಪಟ್ಟಿಯಾಗಿ ಇಡೀ ಸಾಲೇ ತೆವಳುತ್ತದೆ. ಒಮ್ಮೆ ಚಿತ್ರ ನೋಡಿದವರು ಮರೆಯಲಾರರು.

ಉಳಿದವರ ಗುರುತು ಹಿಡಿಯುವುದು ಹೇಗೆ? ಕೊಡಗಿನಲ್ಲಿ ಹೊಸಬರು ಸಿಕ್ಕರೆ ಹಿರಿಯರು ಮೊದಲು ಕೇಳುವುದು ಯಾವ ಒಕ್ಕ, ಅಂದರೆ ಯಾವ ಮನೆತನ ಅಂತ. ಒಕ್ಕದ ಹೆಸರು ಗೊತ್ತಾದರೆ ಐನ್‌ಮನೆ ಎಲ್ಲಿ, ಯಾರಿಗೆ ಏನಾಗಬೇಕು ಎಲ್ಲವೂ ಬಿಚ್ಚಿಕೊಳ್ಳುತ್ತದೆ. ಬ್ಯಾಕ್ಟೀರಿಯಾಗಳಿಗೆ ಈ ಪ್ರಶ್ನೆ ಕೇಳಲು ವಿಜ್ಞಾನಿಗಳಿಗೆ ಒಂದು ಜೀನ್ ಇದೆ. ಅದರ ಹೆಸರು 16ಎಸ್ ಆರ್‌ಆರ್‌ಎನ್‌ಎ. ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇದು ಇರುತ್ತದೆ, ಸುಮಾರು 1500 ಡಿಎನ್‌ಎ ಅಕ್ಷರ ಉದ್ದ. ಕೆಲವು ಭಾಗ ಕೋಟಿಗಟ್ಟಲೆ ವರ್ಷಗಳಲ್ಲೂ ಹೆಚ್ಚು ಬದಲಾಗಿಲ್ಲ. ಕೆಲವು ಭಾಗ ಮೆಲ್ಲಗೆ ಬದಲಾಗುತ್ತಾ ಬಂದಿವೆ. ಇಂಥ ಅಕ್ಷರಗಳನ್ನು ಹೋಲಿಸಿ ಜೀವಿಗಳ ವಂಶ ತಿಳಿಯಬಹುದೆಂದು 1970ರ ದಶಕದಲ್ಲಿ ತೋರಿಸಿಕೊಟ್ಟವರು ಅಮೆರಿಕದ ವಿಜ್ಞಾನಿ ಕಾರ್ಲ್ ವೋಸ್. ಗೊತ್ತಿರುವ ಯಾವ ಜೀವಿಯ ಜೊತೆಗೂ ನೂರಕ್ಕೆ ಸುಮಾರು 98.7ರಷ್ಟು ಹೊಂದದಿದ್ದರೆ, ಅಂದರೆ 1500ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಅಕ್ಷರ ಬೇರೆಯಿದ್ದರೆ, ಹೊಸ ಪ್ರಭೇದ ಇರಬಹುದು ಎಂದು ಕಿವಿ ನೆಟ್ಟಗಾಗುತ್ತದೆ. ಆಮೇಲೆ ಇಡೀ ಜೀನೋಮ್, ಅಂದರೆ ಜೀವಿಯ ಎಲ್ಲ ಡಿಎನ್‌ಎ ಓದಿ ಹೋಲಿಸುತ್ತಾರೆ. ಅಲ್ಲಿ ಹೋಲಿಕೆ ನೂರಕ್ಕೆ 95-96ಕ್ಕಿಂತ ಕಡಿಮೆ ಬಂದರೆ ಪ್ರಭೇದ ಬೇರೆಯೇ.

ಕೆಲವೊಮ್ಮೆ ಒಂದು ತೊಟ್ಟು ಹೈಡ್ರೋಜನ್ ಪೆರಾಕ್ಸೈಡ್ ಕೂಡ ಸುಳಿವು ಕೊಡುತ್ತದೆ. ಮನುಷ್ಯರ ವಸಡು ಹಾಳುಮಾಡುವ ಪೋರ್ಫಿರೋಮೋನಾಸ್ ಜಿಂಜಿವ್ಯಾಲಿಸ್ ಪ್ರಾಣಿಗಳ ಬಾಯಲ್ಲೂ ಇದೆ ಎಂದು ಬಹಳ ಕಾಲ ತಿಳಿಯಲಾಗಿತ್ತು. ಆದರೆ ಮನುಷ್ಯರದ್ದರ ಮೇಲೆ ಪೆರಾಕ್ಸೈಡ್ ಬಿದ್ದರೆ ಏನೂ ಆಗದು. ಪ್ರಾಣಿಗಳದ್ದರ ಮೇಲೆ ಬಿದ್ದರೆ ಬುರುಬುರು ನೊರೆ! ಪೆರಾಕ್ಸೈಡ್ ಒಡೆಯುವ ಕ್ಯಾಟಲೇಸ್ ಕಿಣ್ವ ಇರುವುದು ಪ್ರಾಣಿಗಳದ್ದರಲ್ಲಿ ಮಾತ್ರ. ಡಿಎನ್‌ಎ ಕೂಡ ಅದನ್ನೇ ಹೇಳಿತು. 2001ರಲ್ಲಿ ಪ್ರಾಣಿಗಳದ್ದಕ್ಕೆ ಪೋರ್ಫಿರೋಮೋನಾಸ್ ಗುಲೇ ಎಂಬ ಬೇರೆ ಹೆಸರು ಬಂತು. ನಾಯಿಗಳ ವಸಡಿನ ರೋಗದಲ್ಲಿ ಇದರ ಪಾತ್ರ ದೊಡ್ಡದು.

ಹೆಸರಿಡಲು ಇನ್ನೊಂದು ಕಟ್ಟುಪಾಡು ಇದೆ. ಹೊಸ ಬ್ಯಾಕ್ಟೀರಿಯಾದ ಜೀವಂತ ಮಾದರಿಯನ್ನು ಎರಡು ಬೇರೆ ಬೇರೆ ದೇಶಗಳ ಸಂಗ್ರಹಾಲಯಗಳಲ್ಲಿ ಇಡಬೇಕು. ಯಾರು ಬೇಕಾದರೂ ತರಿಸಿ ಪರೀಕ್ಷಿಸುವಂತಿರಬೇಕು. ನಮ್ಮ ದೇಶದಲ್ಲಿ ಚಂಡೀಗಢ ಮತ್ತು ಪುಣೆಯಲ್ಲಿ ಇಂಥ ದೊಡ್ಡ ಸಂಗ್ರಹಗಳಿವೆ. ತಟ್ಟೆಯಲ್ಲಿ ಬೆಳೆಯಲು ಒಪ್ಪದ, ಡಿಎನ್‌ಎ ಮಾತ್ರ ಸಿಕ್ಕಿರುವ ಜೀವಿಗಳಿಗೆ ಈ ದಾರಿ ಇಲ್ಲ. 353ರಲ್ಲಿ ಅಷ್ಟೊಂದು ಬಗೆಗಳು ಬರೀ ಸಂಖ್ಯೆಗಳಾಗಿ ಉಳಿದದ್ದಕ್ಕೆ ಇದೂ ಒಂದು ಕಾರಣ. ಜೀನೋಮ್ ಆಧಾರದ ಮೇಲೆಯೇ ಹೆಸರಿಡುವ ಸೀಕ್‌ಕೋಡ್ ಎಂಬ ಪರ್ಯಾಯ ನಿಯಮಾವಳಿ 2022ರಲ್ಲಿ ಬಂದಿದೆ. ಅದು ಒಳ್ಳೆಯದೇ. ಆದರೂ ಕೈಯಲ್ಲಿ ಬೆಳೆಸಿ ನೋಡಿದ ಜೀವಿಯ ಬಗ್ಗೆ ತಿಳಿಯುವಷ್ಟು ಅಕ್ಷರಗಳಿಂದ ತಿಳಿಯಲಾಗದು ಅನ್ನುವವರ ಕಡೆ ನಾನು. ಯಾವ ಔಷಧಿಗೆ ಸಾಯುತ್ತದೆ ಎಂಬುದನ್ನು ಬೆಳೆಸಿಯೇ ನೋಡಬೇಕು, ಅಲ್ವಾ?

ಇದು ಬರೀ ಪಟ್ಟಿ ಬೆಳೆಸುವ ಹುಚ್ಚಲ್ಲ. 1976ರಲ್ಲಿ ಅಮೆರಿಕದ ವೈದ್ಯರು ನಾಯಿ ಕಚ್ಚಿದ ಒಬ್ಬ ರೋಗಿಯಲ್ಲಿ ಅದುವರೆಗೆ ಗೊತ್ತಿಲ್ಲದ ಬ್ಯಾಕ್ಟೀರಿಯಾ ಕಂಡದ್ದನ್ನು ವರದಿ ಮಾಡಿದರು. ಮುಂದೆ ಅದು ಡಿಎಫ್-2 ಎಂಬ ಸಂಕೇತದಲ್ಲೇ ಓಡಾಡಿತು. 1989ರಲ್ಲಿ ಕ್ಯಾಪ್ನೋಸೈಟೋಫೇಗ ಕ್ಯಾನಿಮಾರ್ಸಸ್ ಎಂಬ ಹೆಸರು ಸಿಕ್ಕಿತು. ಆರೋಗ್ಯವಾಗಿರುವ ಎಷ್ಟೋ ನಾಯಿಗಳ ಬಾಯಲ್ಲಿ ಇದು ಇರುತ್ತದೆ, ನಾಯಿಗೆ ಏನೂ ಮಾಡುವುದಿಲ್ಲ. ನಮ್ಮಲ್ಲೂ ಹೆಚ್ಚಿನವರಿಗೆ ತೊಂದರೆಯಿಲ್ಲ. ಆದರೆ ಗುಲ್ಮ ತೆಗೆಸಿಕೊಂಡವರಿಗೆ, ವಿಪರೀತ ಕುಡಿಯುವವರಿಗೆ ರಕ್ತ ನಂಜಾಗಿ ಪ್ರಾಣಕ್ಕೇ ಸಂಚಕಾರ ಬರಬಹುದು. ಇದು ತಟ್ಟೆಯಲ್ಲಿ ನಿಧಾನವಾಗಿ ಬೆಳೆಯುವುದರಿಂದ ಪತ್ತೆ ತಡವಾಗುತ್ತದೆ. ನಾಯಿ ಕಚ್ಚಿದೆ ಎಂದು ರೋಗಿ ಬಾಯಿಬಿಟ್ಟು ಹೇಳಿದರೆ ವೈದ್ಯರಿಗೆ ಹುಡುಕುವ ದಿಕ್ಕು ಸಿಗುತ್ತದೆ. ಕಾಫಿ ಕೊಯ್ಲಿನಲ್ಲಿ ಕೈಗಾದ ಗೀರನ್ನು ನಾಯಿ ನೆಕ್ಕಿದರೆ ಬೇಗ ಮಾಯುತ್ತದೆ ಎಂಬ ಮಾತನ್ನು ದಯವಿಟ್ಟು ನಂಬಬೇಡಿ. ಕಚ್ಚಿದರಂತೂ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ನೇರ ಆಸ್ಪತ್ರೆಗೆ ಹೋಗಿ. ರೇಬಿಸ್ ಬರುವುದು ವೈರಸ್ಸಿನಿಂದ. ಅದಕ್ಕೆ ಲಸಿಕೆ ಬೇಕೇ ಬೇಕು.

ಕೊಡಗಿನ ನಾಯಿಗಳ ಬಾಯನ್ನೂ ಹೀಗೆ ನೋಡಬೇಕು ಅನ್ನುವುದು ನನ್ನ ದೊಡ್ಡ ಆಸೆ. ಇಲ್ಲಿ ಸೋಫಾ ಮೇಲೆ ಮಲಗುವ ನಾಯಿಯೂ ಇದೆ, ಕಾಡಂಚಿನಲ್ಲಿ ಹಂದಿ ಅಟ್ಟಿಸುವ ನಾಯಿಯೂ ಇದೆ, ಲೈನ್‌ಮನೆಗಳ ಮುಂದೆ ಒಣಮೀನಿನ ತಲೆ ತಿನ್ನುವ ನಾಯಿಯೂ ಇದೆ. ಹಾಸನದ ಪಶುವೈದ್ಯಕೀಯ ಕಾಲೇಜು ದೂರವಲ್ಲ. ಮಡಿಕೇರಿಯಲ್ಲೇ ವೈದ್ಯಕೀಯ ಕಾಲೇಜು ಇದೆ. ಸೆಪ್ಟೆಂಬರ್ 28ರ ವಿಶ್ವ ರೇಬಿಸ್ ದಿನದ ಹೊತ್ತಿಗೆ ಊರೂರಲ್ಲಿ ಲಸಿಕೆ ಶಿಬಿರ ಮಾಡಿದರೆ ನಾಯಿಗಳೆಲ್ಲ ಒಂದೇ ಕಡೆ ಸೇರುತ್ತವೆ. ಯಜಮಾನರ ಒಪ್ಪಿಗೆ ಕೇಳಿ, ಪಾಪದ ನಾಯಿಗಳನ್ನು ಆರಿಸಿ, ಸೂಜಿ ಹಾಕುವ ಮೊದಲು ಆ ಕಾಗದದ ಕಡ್ಡಿಯನ್ನು ವಸಡಿಗೆ ಮುಟ್ಟಿಸಲು ಒಂದು ನಿಮಿಷವೂ ಬೇಡ.