ಹಸಿರು ಪಾಸ್‌ಪೋರ್ಟು, 50 ಕಿಲೊ ಮಣ್ಣು

ರೈಲು ಗಡಿಯ ಹತ್ತಿರ ಬರುತ್ತದೆ. ಡಬ್ಬಿ ತುಂಬ ಜನರಿದ್ದರೂ ಗುರುತಿನ ಚೀಟಿ ಕೇಳುವುದು ಒಬ್ಬನನ್ನೇ. ಅವನ ಕೈಯಲ್ಲಿರುವುದು ಚಿನ್ನದ ಹದ್ದಿನ ಮುದ್ರೆಯ ಹಸಿರು ಜರ್ಮನ್ ಪಾಸ್‌ಪೋರ್ಟು. ಆದರೂ ‘ಊರಿಗೆ ಯಾವಾಗ ವಾಪಸ್?’ ಎಂಬ ಪ್ರಶ್ನೆ ತಪ್ಪುವುದಿಲ್ಲ. ಅವನ ಊರು ಹೈಡೆಲ್‌ಬರ್ಗ್. ಅಡ್ವಾನ್ಸ್ಡ್ ಕೆಮಿಸ್ಟ್ರಿ ತಂಡ 1992ರಲ್ಲಿ ತಂದ ‘ಫ್ರೆಮ್ಡ್ ಇಮ್ ಐಗೆನೆನ್ ಲಾಂಡ್’, ಅಂದರೆ ‘ಸ್ವಂತ ನಾಡಿನಲ್ಲೇ ಪರಕೀಯ’ ಎಂಬ ರ್‍ಯಾಪ್ ಹಾಡಿನ ತಿರುಳು ಇದು. ಹಾಡಿದ ಮೂವರ ಬೇರು ಹೈಟಿ, ಇಟಲಿ, ಘಾನಾದಲ್ಲಿತ್ತು. (ವೇದಿಕೆಯಲ್ಲಿ ‘ಲಿಂಗ್ವಿಸ್ಟ್’ ಎನಿಸಿಕೊಂಡವರು ಮುಂದೆ ನಿಜಕ್ಕೂ ಭಾಷಾವಿಜ್ಞಾನದ ಪ್ರಾಧ್ಯಾಪಕರಾದರು.)

ಇಲ್ಲಿ ಗಡಿ ಎಂದರೆ ಬೇಲಿಯಲ್ಲ, 1913ರ ಪೌರತ್ವ ಕಾನೂನು. ಅದಕ್ಕೆ ಹುಟ್ಟಿದ ನೆಲ ಲೆಕ್ಕಕ್ಕಿಲ್ಲ, ಹೆತ್ತವರು ಯಾರು ಎಂಬುದೇ ಲೆಕ್ಕ. 1961ರ ಅಕ್ಟೋಬರ್ 30ರ ಒಪ್ಪಂದದ ಮೇಲೆ ಟರ್ಕಿಯಿಂದ ಪಶ್ಚಿಮ ಜರ್ಮನಿಗೆ ಕಾರ್ಮಿಕರು ಬಂದರು. ಎರಡು ವರ್ಷ ದುಡಿದು ಹಿಂದಿರುಗಬೇಕು ಎಂಬುದು ಮೊದಲ ಲೆಕ್ಕಾಚಾರ. ಕೆಲಸ ಕಲಿತವರನ್ನು ಕಳಿಸಿ ಹೊಸಬರಿಗೆ ಮತ್ತೆ ಕಲಿಸುವುದು ಕಾರ್ಖಾನೆಗಳಿಗೇ ಬೇಡವಾಗಿ ಆ ಮಿತಿ ಹೋಯಿತು. 1973ರಲ್ಲಿ ನೇಮಕಾತಿ ನಿಂತಾಗ ಆದದ್ದು ಸರ್ಕಾರ ಎಣಿಸಿದ್ದರ ತದ್ವಿರುದ್ಧ. ಒಮ್ಮೆ ಹೋದರೆ ಮತ್ತೆ ಬರಲಾಗದೆಂದು ಜನ ಅಲ್ಲೇ ಉಳಿದು ಸಂಸಾರ ಕರೆಸಿಕೊಂಡರು. ಮಕ್ಕಳು ಅಲ್ಲೇ ಹುಟ್ಟಿದರು, ಕಾಗದದಲ್ಲಿ ವಿದೇಶಿಯರಾಗಿಯೇ ಉಳಿದರು. 1992ರ ಆಗಸ್ಟ್‌ನಲ್ಲಿ ರೋಸ್ಟಾಕ್‌ನಲ್ಲಿ ವಿಯೆಟ್ನಾಂ ಕಾರ್ಮಿಕರ ವಸತಿಗೆ ಬೆಂಕಿ ಬಿತ್ತು, ನೆರೆದವರು ಚಪ್ಪಾಳೆ ತಟ್ಟಿದರು. ನವೆಂಬರ್‌ನಲ್ಲಿ ಮೊಲ್ನ್ ಊರಿನಲ್ಲಿ ವಲಸಿಗರ ಮನೆಗಳಿಗೆ ಹಚ್ಚಿದ ಬೆಂಕಿಯಲ್ಲಿ ಮೂವರು ಸುಟ್ಟು ಸತ್ತರು.

ಯಾವ ಭಾಷೆಯಲ್ಲಿ ಹಾಡಬೇಕು ಎಂಬುದೇ ಆಗ ರಾಜಕೀಯ. ಹೈಡೆಲ್‌ಬರ್ಗ್‌ನವರು ಅಚ್ಚುಕಟ್ಟಾದ ಜರ್ಮನ್ ಆರಿಸಿಕೊಂಡರು, ತಾವು ಈ ನಾಡಿನವರೇ ಎಂಬುದಕ್ಕೆ ನಾಲಿಗೆಯೇ ಸಾಕ್ಷಿ. ರಾಟಿಂಗೆನ್‌ನ ಫ್ರೆಶ್ ಫ್ಯಾಮಿಲಿ ತಂಡ ‘ಅಹ್ಮೆತ್ ಗುಂಡುಜ್’ ಹಾಡಿನಲ್ಲಿ ಬೇಕೆಂದೇ ಅಪ್ಪಂದಿರ ಹರಕುಮುರುಕು ಜರ್ಮನ್ ಬಳಸಿತು. 1995ರ ‘ಕಾರ್ಟೆಲ್’ ರ್‍ಯಾಪ್ ಆಲ್ಬಂ ಹೆಚ್ಚಾಗಿ ಟರ್ಕಿಷ್‌ನಲ್ಲಿತ್ತು. ಕೆಂಪು ಮುಖಪುಟದ ಮೇಲೆ, ಟರ್ಕಿಯ ಧ್ವಜದಂತೆ, ಬಾಲಚಂದ್ರನ ಆಕಾರದ ‘ಸಿ’. ಎಡವಿದ್ದು ಇಲ್ಲೇ: ಜರ್ಮನಿಯ ಜನಾಂಗದ್ವೇಷಕ್ಕೆ ಉತ್ತರವಾಗಿ ಹುಟ್ಟಿದ ಹಾಡುಗಳನ್ನು ಟರ್ಕಿಯ ಉಗ್ರ ರಾಷ್ಟ್ರವಾದಿಗಳು ತಮ್ಮವೆಂದು ಎತ್ತಿಕೊಂಡರು.

ಕಾನೂನು ಸಡಿಲಿದ್ದು 2000ದ ಜನವರಿ 1ರಂದು. ಆಗಿನ ನಿಯಮದಂತೆ ತಂದೆ ಅಥವಾ ತಾಯಿ 8 ವರ್ಷ ಕಾನೂನುಬದ್ಧವಾಗಿ ನೆಲೆಸಿ ಕಾಯಂ ಪರವಾನಗಿ ಪಡೆದಿದ್ದರೆ ಅಲ್ಲಿ ಹುಟ್ಟಿದ ಮಗು ಜರ್ಮನ್. ಆದರೆ 23 ತುಂಬುವಷ್ಟರಲ್ಲಿ ಎರಡರಲ್ಲಿ ಒಂದು ಪೌರತ್ವ ಬಿಡಬೇಕಿತ್ತು.

ಅದೇ ವರ್ಷ ಕಲಾವಿದ ಹಾನ್ಸ್ ಹಾಕೆ ಸಂಸತ್ ಭವನದ ಅಂಗಳಕ್ಕೆ ಬಂದರು. ಕಟ್ಟಡದ ಹಣೆಯ ಮೇಲೆ 1916ರಿಂದ ‘ಜರ್ಮನ್ ಜನತೆಗೆ’ ಎಂದಿದೆ. ಹಾಕೆ ಮಣ್ಣಿನ ಪಾತಿಯ ನಡುವೆ ಅದೇ ಲಿಪಿಯಲ್ಲಿ ‘ನಿವಾಸಿಗಳಿಗೆ’ ಎಂದು ಬೆಳಗುವ ಅಕ್ಷರ ನಿಲ್ಲಿಸಿದರು. ಪ್ರತಿ ಸಂಸದರೂ ತಮ್ಮ ಕ್ಷೇತ್ರದ 50 ಕಿಲೊ ಮಣ್ಣು ತಂದು ಸುರಿಯಲಿ ಎಂದು ಆಹ್ವಾನ. ಅದರೊಳಗಿನ ಬೀಜ ಏನು ಮೊಳೆತರೂ ಕೀಳುವಂತಿಲ್ಲ. ಮಣ್ಣಿನ ಈ ಆಚರಣೆ ನಾಜಿಗಳ ‘ರಕ್ತ ಮತ್ತು ನೆಲ’ ಘೋಷಣೆಯನ್ನು ನೆನಪಿಸುತ್ತದೆ ಎಂದು ಕೆಲವರು ರೇಗಿದರು. ಆ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಆದರೆ ಎಲ್ಲಿಂದಲೋ ಬಂದ ಬೀಜ ಇಲ್ಲಿನ ಕಳೆಯ ಜೊತೆ ಬೆಳೆದಾಗ ಘೋಷಣೆಯೇ ತಲೆಕೆಳಗಾಗುತ್ತದೆ. ಮತಕ್ಕೆ ಹಾಕಿದಾಗ ಕೃತಿ ಗೆದ್ದದ್ದು 260–258ರಲ್ಲಿ.

2024ರ ಜೂನ್ 27ರಿಂದ ಜರ್ಮನಿ ಎರಡು ಪೌರತ್ವ ಒಪ್ಪುತ್ತದೆ. ಬೆಂಗಳೂರಿನಿಂದ ಹೋದವರಿಗೆ ಮಾತ್ರ ಇದರ ಫಲವಿಲ್ಲ. ಭಾರತದ 1955ರ ಕಾಯ್ದೆಯ ಪ್ರಕಾರ, ಜರ್ಮನ್ ಪೌರತ್ವ ಪಡೆದಾಗಲೇ ಇಲ್ಲಿನದು ಮುಗಿಯುತ್ತದೆ. ಪಾಸ್‌ಪೋರ್ಟು ಒಪ್ಪಿಸಿ ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್‌ಗೆ ಅರ್ಜಿ ಹಾಕಬಹುದು. ಆ ಕಾರ್ಡಿಗೆ ಮತವಿಲ್ಲ. ಊರಲ್ಲಿ ಹೊಲ ಕೊಳ್ಳುವಂತೆಯೂ ಇಲ್ಲ.