ಕ್ವಿಂಟೆಸನ್ ನೋಟ್ಸ್: ಆಗ ಯಜಮಾನನಿಗೆ ಆಟಿಕೆ ಇರಲಿಲ್ಲ, ಆಳಿಗೆ ಇತ್ತು

ರೂಪ ಬದಲಿಸುವ ರೋಬೋಟ್‌ಗಳ ಟ್ರಾನ್ಸ್‌ಫಾರ್ಮರ್ಸ್ ಕಥೆಗೆ ಹೊಸಬರಾದವರು ಹೆಚ್ಚಾಗಿ ಇಲ್ಲೇ ಎಡವುತ್ತಾರೆ. ರೋಬೋಟ್‌ಗಳೇ ಬೇರೆ ಗ್ರಹದವರು, ಹಾಗಿದ್ರೆ ಈ ಕ್ವಿಂಟೆಸನ್‌ಗಳು ಯಾರು? ಹಳೆಯ ಟಿವಿ ಸರಣಿಯ ಪ್ರಕಾರ ಆ ರೋಬೋಟ್‌ಗಳನ್ನು ತಯಾರಿಸಿದವರೇ ಇವರು. ಇಷ್ಟು ಗಟ್ಟಿ ಮಾಡಿಕೊಂಡು ಮುಂದೆ ಹೋಗಿ.

ಇವರು ಮೊದಲು ಕಾಣಿಸುವುದು 1986ರ ಅನಿಮೇಷನ್ ಸಿನಿಮಾದಲ್ಲಿ. ಮೊಟ್ಟೆಯಂಥ ಮೈ, ಕೆಳಗೆ ಬಳ್ಳಿಯ ಹಾಗೆ ಜೋತಾಡುವ ಕೈಗಳು. ಕಾಲಿಲ್ಲ, ಬೆಳಕಿನ ಕಂಬದ ಮೇಲೆ ತೇಲುತ್ತಾರೆ. ನ್ಯಾಯಾಧೀಶನಿಗೆ ಐದು ಮುಖ, ಯಾವುದು ಮಾತಾಡಬೇಕೋ ಅದು ಗರಗರ ತಿರುಗಿ ಮುಂದೆ ಬರುತ್ತದೆ. ಎಲ್ಲ ಕ್ವಿಂಟೆಸನ್‌ಗಳಿಗೂ ಐದು ಮುಖ ಅಂತ ಸುಮ್ನೆ ಬರೆದುಬಿಡಬೇಡಿ, ಅದೇ ಕೋರ್ಟಿನಲ್ಲಿ ಕೆಲಸ ಮಾಡುವ ಉಳಿದವರಿಗೆ ಒಂದೇ ಮುಖ.

ಆ ಕೋರ್ಟಿನ ದೃಶ್ಯ ಒಂದನ್ನು ಚೆನ್ನಾಗಿ ನೋಡಿದರೆ ಈ ಜನಾಂಗ ಪೂರ್ತಿ ಅರ್ಥವಾಗುತ್ತದೆ. ಕೈದಿಯನ್ನು ಎತ್ತರದಲ್ಲಿ ನಿಲ್ಲಿಸುತ್ತಾರೆ, ಕೆಳಗೆ ನೀರು ತುಂಬಿದ ಹೊಂಡ. ಇವನು ತಪ್ಪಿತಸ್ಥನೋ ನಿರಪರಾಧಿಯೋ ಅಂತ ಒಬ್ಬ ಕೇಳುತ್ತಾನೆ. ನಿರಪರಾಧಿ ಅಂತ ತೀರ್ಪು ಬರುತ್ತದೆ. ಅಬ್ಬಾ ಬಚಾವಾದ ಅಂದುಕೊಳ್ಳುವಷ್ಟರಲ್ಲಿ ಅವನು ಹೊಂಡದೊಳಗೆ! ಬೇಲಿಯೇ ಎದ್ದು ಹೊಲ ಮೇಯುವುದು ಅಂದ್ರೆ ಇದೇ ಅಲ್ವಾ.

ಹೊಂಡದಲ್ಲಿ ಕಾದಿರುವುದು ಶಾರ್ಕ್‌ಟಿಕಾನ್‌ಗಳು, ಅಂದರೆ ಇವರ ಆಳುಗಳು. ಗುಂಡು ಮೈ, ಮೈಗಿಂತ ದೊಡ್ಡದೇನೋ ಅನ್ನಿಸುವ ಬಾಯಿ, ಎರಡು ಗಿಡ್ಡ ಕಾಲು, ಬಾಲದ ತುದಿಯಲ್ಲಿ ಮುಳ್ಳಿನ ಗುಂಡು. ಇವು ರೂಪ ಬದಲಿಸಿ ರೋಬೋಟ್ ಕೂಡ ಆಗುತ್ತವೆ. ಕೊನೆಗೆ ಡೈನೋಸಾರ್ ಆಗಬಲ್ಲ ರೋಬೋಟ್ ಗ್ರಿಮ್‌ಲಾಕ್ ಬಂದು ನಾಲ್ಕು ಏಟು ಕೊಟ್ಟು ಗದರಿಸಿದ ಮೇಲೆ ಇವೇ ಯಜಮಾನರ ಮೇಲೆ ತಿರುಗಿ ಬೀಳುತ್ತವೆ.

ಈಗ ಆಟಿಕೆಗೆ ಬರೋಣ. 1986ರಲ್ಲಿ ಅಮೆರಿಕದ ಆಟಿಕೆ ಕಂಪನಿ ಹ್ಯಾಸ್ಬ್ರೋ ಮಾರಿದ ಶಾರ್ಕ್‌ಟಿಕಾನ್‌ನ ಹೆಸರು ‘ನಾ’ (Gnaw). ರೋಬೋಟ್ ಆದಾಗ ಇದರ ಬಾಲ ವೇಸ್ಟ್ ಆಗುವುದಿಲ್ಲ, ಬಿಚ್ಚಿ ಕೈಗೆ ಕೊಟ್ಟರೆ ಅದೇ ಗದೆ. ನನಗೆ ತುಂಬಾ ಇಷ್ಟವಾದ ಉಪಾಯ ಇದು. ಆದರೆ ಐದು ಮುಖದ ನ್ಯಾಯಾಧೀಶನ ಆಟಿಕೆ ಆಗ ಬರಲೇ ಇಲ್ಲ. ಅವನಿಗೆ ಮುಖ ತಿರುಗುತ್ತದೆಯೇ ಹೊರತು ರೂಪ ಬದಲಾಗುವುದಿಲ್ಲ, ಕಾರಣ ಅದೇ ಇರಬಹುದು ಅನ್ನೋದು ನನ್ನ ಊಹೆ ಅಷ್ಟೇ.

ಟಿವಿ ಸರಣಿಯ ಮೂರನೇ ಸೀಸನ್ನಿನಲ್ಲಿ ಇವರ ಹಳೆಯ ಕಸುಬು ಗೊತ್ತಾಗುತ್ತದೆ. ರೋಬೋಟ್‌ಗಳ ಗ್ರಹವಾದ ಸೈಬರ್‌ಟ್ರಾನ್‌ನಲ್ಲಿ ಕಾರ್ಖಾನೆ ಇಟ್ಟು ಎರಡು ಬಗೆಯ ರೋಬೋಟ್ ಮಾಡುತ್ತಿದ್ದರು. ಮನೆಬಳಕೆಗೆ ಮಾಡಿದವರ ವಂಶ ಆಟೋಬಾಟ್‌ಗಳು, ಅಂದರೆ ಕಥೆಯ ಒಳ್ಳೆಯವರು; ಯುದ್ಧಕ್ಕೆ ಮಾಡಿದವರ ವಂಶ ಡಿಸೆಪ್ಟಿಕಾನ್‌ಗಳು, ಅಂದರೆ ಅವರ ವೈರಿಗಳು. ರೋಬೋಟ್‌ಗಳು ದಂಗೆ ಎದ್ದ ಮೇಲೆ ಇವರು ಅಲ್ಲಿಂದ ಕಾಲ್ಕಿತ್ತರು.

ಇಲ್ಲೊಂದು ತಮಾಷೆ ಇದೆ. ನಿಜ ಜೀವನದಲ್ಲೂ 1984ರ ಮೊದಲ ಆಟಿಕೆಗಳಲ್ಲಿ ಹೆಚ್ಚಿನವು ಜಪಾನಿನ ಟಕಾರಾ ಕಂಪನಿಯ ಎರಡು ಸಾಲುಗಳಿಂದ ಬಂದವು, ಡಯಾಕ್ಲೋನ್ ಮತ್ತು ಮೈಕ್ರೋಮ್ಯಾನ್. ಆದರೆ ಕಥೆಯ ಹಂಚಿಕೆ ಇಲ್ಲಿ ಹೊಂದುವುದಿಲ್ಲ. ಆಟೋಬಾಟ್ ಕಾರುಗಳೂ ಡಿಸೆಪ್ಟಿಕಾನ್ ಜೆಟ್‌ಗಳೂ ಒಂದೇ ಡಯಾಕ್ಲೋನ್‌ನವು. ಇನ್ನು ಯುದ್ಧದ ವಂಶದವನು ಅನ್ನಿಸಿಕೊಂಡ ಸೌಂಡ್‌ವೇವ್, ಪಾಪ, ಮೈಕ್ರೋಮ್ಯಾನ್ ಸಾಲಿನ ಕ್ಯಾಸೆಟ್ ಪ್ಲೇಯರ್.